ಹುಳಿ ಬೇರೆ, ಸೋಡಾ ಬೇರೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಹಬ್ಬಕ್ಕೆ ಮನೆ ತೊಳೆಯುವ ಬಗ್ಗೆ ಒಂದು ಪುಟ ಬಂದಿತ್ತು. ಅಡುಗೆಮನೆಗೆ ಇಷ್ಟು, ಬಚ್ಚಲಿಗೆ ಇಷ್ಟು ಅಂತ ಸಲಹೆಗಳು. ಇಂಥ ಪುಟವನ್ನು ನಾನು ಬಿಡದೆ ಓದುತ್ತೇನೆ, ಕತ್ತರಿಸಿ ಇಟ್ಟುಕೊಳ್ಳುವುದೂ ಉಂಟು. ಆದರೆ ಅದರಲ್ಲಿ ಒಂದು ಸಲಹೆ ಓದಿ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟುಬಿಟ್ಟೆ. ಬಚ್ಚಲಿನ ಟೈಲ್ಸ್ ಬೆಳ್ಳಗಾಗಬೇಕಾದರೆ ಬ್ಲೀಚಿಂಗ್ ಪೌಡರ್‌ಗೆ ವಿನೆಗರ್ ಹಾಕಿ ಕಲಸಿ, ಹಚ್ಚಿ, ಅರ್ಧ ಗಂಟೆ ಬಿಡಿ ಅಂತ ಅಚ್ಚಾಗಿತ್ತು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಈ ಒಂದು ಮಾತು ಹೇಳುವುದಕ್ಕೇ ಈ ಕಾಗದ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಪೂರ್ತಿ ಓದಿ.

ನಾನಿರುವುದು ತಿಪಟೂರಿನಲ್ಲಿ. ಹೆಣ್ಣುಮಕ್ಕಳ ಹಾಸ್ಟೆಲ್ ಒಂದರಲ್ಲಿ 26 ವರ್ಷ ಅಡುಗೆ ಮಾಡಿ, ಮೂರು ವರ್ಷದ ಹಿಂದೆ ಕೆಲಸ ಬಿಟ್ಟೆ. ಅಡುಗೆ ಅಂದರೆ ಬರೀ ಬೇಯಿಸುವುದಲ್ಲ. 120 ಮಕ್ಕಳು ಉಂಡೆದ್ದ ಮೇಲೆ ಕೊಪ್ಪರಿಗೆ, ದಬರಿ, ಸೌಟು, ತಟ್ಟೆ, ನೆಲ, ಮೋರಿ ಎಲ್ಲ ತೊಳೆದು ಮುಗಿಸುವ ಹೊತ್ತಿಗೆ ಮುಂದಿನ ಹೊತ್ತಿನ ಅಕ್ಕಿ ಆರಿಸುವ ಸಮಯ ಆಗಿರುತ್ತಿತ್ತು. ಲೆಕ್ಕ ಹಾಕಿದರೆ ನಾನು ಬೇಯಿಸಿದ್ದಕ್ಕಿಂತ ತೊಳೆದದ್ದೇ ಜಾಸ್ತಿ. ಯಾವುದರಿಂದ ಯಾವ ಕೊಳೆ ಹೋಗುತ್ತದೆ ಅನ್ನುವುದು ಕೈಗೆ ಗೊತ್ತಿತ್ತು. ಯಾಕೆ ಹೋಗುತ್ತದೆ ಅನ್ನುವುದು ಮಾತ್ರ ಹೋದ ವರ್ಷದವರೆಗೂ ಗೊತ್ತಿರಲಿಲ್ಲ.

ಹೋದ ವರ್ಷ ನೀರು ತುಂಬುವ ಹಬ್ಬದ ದಿನ ನಡೆದದ್ದು ಹೇಳುತ್ತೇನೆ. ನಮ್ಮ ಕಡೆ ಆ ದಿನ ಬಚ್ಚಲದ್ದೇ ಹಬ್ಬ. ಬೆಳಿಗ್ಗೆಯಿಂದ ಬಚ್ಚಲು ತಿಕ್ಕಿ ತೊಳೆದು, ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೂ ಏರಿಸಿ, ಸಂಜೆ ಹೊಸ ನೀರು ತುಂಬಿಸುತ್ತೇವೆ. ಮಾರನೇ ದಿನ ನಸುಕಿನಲ್ಲಿ ಎಣ್ಣೆ ಸ್ನಾನ. ನಾನು ಹಂಡೆಯನ್ನು ಹಿತ್ತಲಿಗೆ ಉರುಳಿಸಿಕೊಂಡು ಹೋಗಿ ಹುಣಸೆಹಣ್ಣಿನಲ್ಲಿ ತಿಕ್ಕುತ್ತಿದ್ದೆ. ಬಚ್ಚಲು ತೊಳೆಯುವ ಕೆಲಸ ಸೊಸೆ ವಹಿಸಿಕೊಂಡಿದ್ದಳು. ನಮ್ಮ ಬಚ್ಚಲಿಗೆ ಇರುವುದು ಎರಡು ಗೇಣಿನ ಒಂದು ಕಿಟಕಿ. ಚಳಿ ಬರುತ್ತದೆ ಅಂತ ಅದಕ್ಕೆ ರಟ್ಟು ಅಡ್ಡ ಇಟ್ಟಿದ್ದೆವು. ನೀರು ಹೊರಗೆ ಸಿಡಿಯದ ಹಾಗೆ ಬಾಗಿಲೂ ಎಳೆದುಕೊಂಡಿದ್ದಳು.

ಮೊದಲು ಪಾಚಿಗೆ ಅಂತ ನೆಲಕ್ಕೆಲ್ಲ ಬ್ಲೀಚಿಂಗ್ ಪೌಡರ್ ಉದುರಿಸಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಕೂತುಕೊಂಡು ಬ್ರಷ್ಷಿನಲ್ಲಿ ತಿಕ್ಕಿದ್ದಾಳೆ. ಪಾಚಿ ಹೋಯಿತು. ನಲ್ಲಿ ಕೆಳಗಿನ ಉಪ್ಪಿನ ಕರೆ ಮಾತ್ರ ಹಾಗೇ ಇತ್ತು. ಎರಡೂ ಸೇರಿದರೆ ಇನ್ನೂ ಚೆನ್ನಾಗಿ ಹೋಗುತ್ತದೆ ಅಂತ ಯಾವುದೋ ವಿಡಿಯೋದಲ್ಲಿ ನೋಡಿದ್ದಳಂತೆ. ಕಕ್ಕಸಿಗೆ ಹಾಕುವ ಆಸಿಡ್ ಬಾಟಲಿ ತೆಗೆದು ಆ ಬ್ಲೀಚಿಂಗ್ ನೀರಿನ ಮೇಲೇ ಸುರಿದಿದ್ದಾಳೆ.

ನನಗೆ ಕೇಳಿಸಿದ್ದು ಕೆಮ್ಮು. ಒಗ್ಗರಣೆ ಘಾಟಿಗೆ ಬರುತ್ತದಲ್ಲ, ಅಂಥ ಕೆಮ್ಮು. ಮೊದಲು ಗಮನ ಕೊಡಲಿಲ್ಲ. ಆಮೇಲೆ ಕೆಮ್ಮು ನಿಂತು ಬಕೆಟ್ಟು ಉರುಳಿದ ಸದ್ದು ಬಂತು. ಓಡಿಹೋಗಿ ಬಾಗಿಲು ತೆಗೆದರೆ ನನ್ನ ಕಣ್ಣಿಗೇ ಮೆಣಸಿನಪುಡಿ ಎರಚಿದ ಹಾಗಾಯಿತು. ಅವಳು ಗೋಡೆ ಹಿಡಿದು ಕುಕ್ಕರಿಸಿದ್ದಳು. ಮಾತು ಬರುತ್ತಿಲ್ಲ. ಸೆರಗು ಮೂಗಿಗೆ ಒತ್ತಿಕೊಂಡು, ಅವಳ ತೋಳು ಹಿಡಿದು ಹಿತ್ತಲಿಗೆ ಎಳೆದು ತಂದೆ. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು, ನೆಬ್ಯುಲೈಸರ್ ಇಟ್ಟರು. ಈಗ ಸರಿಹೋದ ಹಾಗೆ ಕಂಡರೂ ಕೆಲವು ಗಂಟೆ ಆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು ಅಂತ ಹೇಳಿ ರಾತ್ರಿ ಪೂರ್ತಿ ಅಲ್ಲೇ ಇರಿಸಿಕೊಂಡರು. ಆ ಸಂಜೆ ನಮ್ಮ ಮನೆಯ ಹಂಡೆಗೆ ನೀರು ತುಂಬಲಿಲ್ಲ. ಕೆಮ್ಮು ಹೋಗುವುದಕ್ಕೆ ಒಂದು ತಿಂಗಳು ಹಿಡಿಯಿತು.

ನಮ್ಮ ಪಕ್ಕದ ಬೀದಿಯಲ್ಲಿ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದಾರೆ. ಹಬ್ಬ ಕಳೆದ ಮೇಲೆ ಅವರ ಹತ್ತಿರ ಹೋಗಿ ಕೇಳಿದೆ. ಬ್ಲೀಚಿಂಗ್ ಪೌಡರ್ ಒಳಗೆ ಕ್ಲೋರಿನ್ ಕಟ್ಟಿಹಾಕಿದ ಹಾಗೆ ಇರುತ್ತದಂತೆ. ಅದಕ್ಕೆ ಯಾವ ಹುಳಿ ಬಿದ್ದರೂ ಕಟ್ಟು ಬಿಚ್ಚಿ ಕ್ಲೋರಿನ್ ಗಾಳಿಯಾಗಿ ಹೊರಗೆ ಬರುತ್ತದಂತೆ. ಆಸಿಡ್ ಆದರೆ ಒಮ್ಮೆಲೇ. ವಿನೆಗರ್, ನಿಂಬೆರಸ ಆದರೂ ಬರುವುದು ಅದೇ ಗಾಳಿ. ಮೊದಲನೇ ಮಹಾಯುದ್ಧದಲ್ಲಿ, 1915ರ ಏಪ್ರಿಲಿನಲ್ಲಿ, ಬೆಲ್ಜಿಯಂನ ಈಪ್ರ್ ಊರಿನ ಹತ್ತಿರ ಜರ್ಮನಿಯವರು ಎದುರಾಳಿ ಸೈನಿಕರ ಮೇಲೆ ಬಿಟ್ಟದ್ದು ಇದನ್ನೇ ಅಂದರು. ಈ ಗಾಳಿ ನಾವು ಉಸಿರಾಡುವ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಮೇಲೇಳುವುದಿಲ್ಲ, ನೆಲ ಹಿಡಿದು ಹರಡುತ್ತದೆ. ನಮ್ಮ ಹೆಂಗಸರು ಬಚ್ಚಲು ತೊಳೆಯುವುದು ಹೇಗೆ? ಕುಕ್ಕರಗಾಲಲ್ಲಿ ಕೂತು, ಮುಖ ನೆಲದ ಹತ್ತಿರ ತಂದು. ಇದನ್ನು ಕೇಳಿ ನನ್ನ ಎದೆ ಝಲ್ ಅಂತು. ನಿಮ್ಮ ಪುಟದಲ್ಲಿ ಬಂದದ್ದು ಹಚ್ಚಿ ಅರ್ಧ ಗಂಟೆ ಬಿಡಿ ಅಂತ. ಅದನ್ನು ಹಚ್ಚುವವರೂ ಹಾಗೇ ಕೂತು ಹಚ್ಚುತ್ತಾರೆ ಅಲ್ವಾ?

ಆಮೇಲೆ ಮೇಷ್ಟ್ರು ಮನೆಯವರಿಗೆ ಹೇಳಿ ಒಂದು ತಟ್ಟೆಯಲ್ಲಿ ಅರಿಶಿನದ ನೀರು ತರಿಸಿದರು. ನಾಲ್ಕು ಸಣ್ಣ ಬಟ್ಟಲಿಗೆ ಹಾಕಿದರು. ಒಂದಕ್ಕೆ ನಿಂಬೆಹಣ್ಣು ಹಿಂಡಿದರು, ಹಳದಿ ಹಾಗೇ ಇತ್ತು. ಇನ್ನೊಂದಕ್ಕೆ ಚಿಟಿಕೆ ಸುಣ್ಣ ಹಾಕಿದರು, ಕೆಂಪಾಯಿತು. ಆರತಿ ತಟ್ಟೆಗೆ ನಾವು ಕಲಸುವ ಓಕುಳಿ ಇದೇ ತಾನೆ! ಮೂರನೆಯದಕ್ಕೆ ಬಟ್ಟೆ ಒಗೆಯುವ ಸೋಡಾ, ಅದೂ ಕೆಂಪು. ಪಾತ್ರೆ ತೊಳೆಯುವ ಸೋಪಿನ ಚೂರು ನಾಲ್ಕನೆಯದಕ್ಕೆ ಹಾಕಿದರು, ಅದೂ ಕೆಂಪಗೆ ತಿರುಗಿತು. ಕೆಂಪಾಗಿದ್ದ ಸೋಡಾ ಬಟ್ಟಲಿಗೆ ನಿಂಬೆರಸ ಬಿಟ್ಟರೆ ನೊರೆ ಬಂತು, ಮತ್ತೆ ಹಳದಿಗೆ ಬಂತು. 'ಈಗ ಇದು ಹುಳಿಯೂ ಅಲ್ಲ, ಸೋಡಾವೂ ಅಲ್ಲ ಕಣಮ್ಮಾ, ಎರಡೂ ಒಂದನ್ನೊಂದು ತಿಂದುಹಾಕಿದವು' ಅಂದರು. 26 ವರ್ಷ ನಾನು ಕೈಯಲ್ಲಿ ಮಾಡಿದ್ದರ ಅರ್ಥ ಆ ನಾಲ್ಕು ಬಟ್ಟಲಲ್ಲಿ ತಿಳಿಯಿತು. ಉಪ್ಪು ಕಟ್ಟಿದ್ದಕ್ಕೆ, ಕಿಲುಬಿಗೆ ಹುಳಿ ಬೇಕು. ಜಿಡ್ಡಿಗೆ, ಸೀದದ್ದಕ್ಕೆ ಸೋಡಾ ಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಕೆಲಸ ಕೆಡುತ್ತದೆ. ಬ್ಲೀಚಿಂಗ್ ಜೊತೆಗೆ ಹುಳಿ ಹಾಕಿದರೆ ಪ್ರಾಣಕ್ಕೇ ಬರುತ್ತದೆ.

ನಿಮ್ಮ ಪುಟದಲ್ಲಿ ಇನ್ನೊಂದು ಸಲಹೆಯೂ ಇತ್ತು. ಸಿಂಕು ಕಟ್ಟಿಕೊಂಡರೆ ಅಡುಗೆ ಸೋಡಾ ಹಾಕಿ ಮೇಲೆ ವಿನೆಗರ್ ಸುರಿಯಿರಿ ಅಂತ. ಇದರಿಂದ ಅಪಾಯ ಏನೂ ಇಲ್ಲ. ಬುಸ್ ಅಂತ ನೊರೆ ಬರುವುದು ನೋಡುವುದಕ್ಕೆ ಚೆನ್ನಾಗಿರುತ್ತದೆ. ಆದರೆ ಆ ನೊರೆ ಸೋಡಾ ಬಾಟಲಿಯ ಗ್ಯಾಸ್ ಅಷ್ಟೇ, ಜಿಡ್ಡು ಕರಗಿಸುವ ಶಕ್ತಿ ಅದಕ್ಕಿಲ್ಲ. ಸೋಡಾವನ್ನು ಸೋಡಾ ಆಗಿಯೇ ಬಳಸಿ. ಸಿಂಕಿನ ಪೈಪಿನಲ್ಲಿ ಕೂರುವುದು ಎಣ್ಣೆ ಜಿಡ್ಡು ಮತ್ತು ಅನ್ನದ ಅಗುಳು. ಒಂದು ಹಿಡಿ ಬಟ್ಟೆ ಸೋಡಾವನ್ನು ಬಿಸಿನೀರಿನಲ್ಲಿ ಕರಗಿಸಿ ರಾತ್ರಿ ಮಲಗುವ ಮುಂಚೆ ನಿಧಾನವಾಗಿ ಬಿಡಿ. ಕೊತಕೊತ ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಪೈಪು ಮೆತ್ತಗಾಗುತ್ತದೆ. ಅಂಗಡಿಯಲ್ಲಿ ಸಿಗುವ ಮೋರಿ ಪುಡಿ ಹಾಕಿದ್ದರೆ ಅದರ ಮೇಲೆ ಆಸಿಡ್ ಮಾತ್ರ ಸುರಿಯಲೇಬೇಡಿ. ಕಾದು ಮುಖಕ್ಕೇ ಸಿಡಿಯುತ್ತದೆ.

ಈಗ ಉಪ್ಪಿನ ವಿಷಯ. ನಮ್ಮ ತುಮಕೂರು ಜಿಲ್ಲೆಯ ಬೋರ್ ನೀರು ಬಳಸುವವರಿಗೆಲ್ಲ ಇದು ದಿನದ ಗೋಳು. ಹೇಮಾವತಿ ನೀರಿನಲ್ಲಿ ಸೋಪು ನೊರೆ ಬರುತ್ತದೆ, ಬೋರ್ ನೀರಿನಲ್ಲಿ ಎಷ್ಟು ಉಜ್ಜಿದರೂ ಮೊಸರು ಒಡೆದ ಹಾಗೆ ಆಗುತ್ತದೆ. ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಪರವಾಗಿಲ್ಲ ಅಂತ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಹೇಳುತ್ತದಂತೆ. ನಮ್ಮ ಬೋರ್ ನೀರು ಪರೀಕ್ಷೆ ಮಾಡಿಸಿದಾಗ 640 ಬಂತು. ಇಂಥ ನೀರು ಎಲ್ಲೆಲ್ಲಿ ನಿಂತು ಆರುತ್ತದೋ ಅಲ್ಲೆಲ್ಲ ಬಿಳಿ ಪೊರೆ. ನಲ್ಲಿ ಮೂತಿ, ಸ್ಟೀಲ್ ಬಕೆಟ್ಟು, ಪ್ಲಾಸ್ಟಿಕ್ ಚೊಂಬು, ಕನ್ನಡಿ, ಗೀಸರ್ ಕಾಯಿಲ್ಲು, ಯಾವುದನ್ನೂ ಬಿಡುವುದಿಲ್ಲ.

ಇದಕ್ಕೆ ಆಸಿಡ್ ಬೇಕಾಗಿಯೇ ಇಲ್ಲ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುತ್ತದೆ, ಸಕ್ಕರೆ ಹರಳಿನ ಹಾಗಿರುತ್ತದೆ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಹಾಕಿ ಕರಗಿಸಿ. ಹಳೆ ಬನಿಯನ್ ತುಂಡನ್ನು ಅದರಲ್ಲಿ ಅದ್ದಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಡಿ. ಬಟ್ಟೆ ಬಿಚ್ಚಿ ತೆಂಗಿನ ನಾರಿನಲ್ಲಿ ಒಂದು ಸಲ ಉಜ್ಜಿದರೆ ಪೊರೆ ಬಿಟ್ಟುಕೊಳ್ಳುತ್ತದೆ. ಷವರ್ ಆದರೆ ಅದೇ ನೀರನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಷವರ್ ಮೂತಿ ಮುಳುಗುವ ಹಾಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ. ವರ್ಷಗಟ್ಟಲೆ ಕಟ್ಟಿದ ಉಪ್ಪು ಒಂದೇ ಸಲಕ್ಕೆ ಹೋಗುವುದಿಲ್ಲ. ವಾರಕ್ಕೊಂದು ಸಲದಂತೆ ಮೂರು ನಾಲ್ಕು ಸಲ ಮಾಡಿ. ಆಸಿಡ್ ಹಾಕಿದರೆ ಒಂದೇ ಸಲಕ್ಕೆ ಹೋಗುತ್ತದೆ ನಿಜ. ಅದರ ಜೊತೆಗೆ ಟೈಲ್ಸ್ ಸಂದಿನ ಸಿಮೆಂಟೂ ಹೋಗುತ್ತದೆ. ಆ ಸಂದಿಯಲ್ಲಿ ಮತ್ತೆ ಕೊಳೆ ಕೂರುತ್ತದೆ, ಪಾಚಿ ಕಟ್ಟುತ್ತದೆ, ನೀರು ಗೋಡೆಗೆ ಇಳಿಯುತ್ತದೆ. ಆಮೇಲೆ ಇನ್ನೂ ಜಾಸ್ತಿ ಆಸಿಡ್ ಬೇಕು ಅನ್ನಿಸುತ್ತದೆ.

ಹುಳಿ ಒಳ್ಳೆಯದು ಅಂತ ಎಲ್ಲ ಕಡೆ ಹಾಕುವಂತಿಲ್ಲ. ನಮ್ಮ ಅಡುಗೆಮನೆ ಕಟ್ಟೆ ಕಡಪ ಕಲ್ಲಿನದು. ಒಮ್ಮೆ ಹಿಂಡಿದ ನಿಂಬೆ ಹೋಳನ್ನು ಅದರ ಮೇಲೆ ಕವುಚಿಟ್ಟು ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಕಪ್ಪು ಕಲ್ಲಿನ ಮೇಲೆ ರೂಪಾಯಿ ಅಗಲದ ಬೂದು ಮಚ್ಚೆ. ಮುಟ್ಟಿದರೆ ಅಲ್ಲಿ ನುಣುಪು ಹೋಗಿ ತರಿತರಿ ಸಿಗುತ್ತದೆ. 11 ವರ್ಷ ಆಯಿತು, ಇನ್ನೂ ಹಾಗೇ ಇದೆ. ಕಡಪ, ಶಹಾಬಾದ್ ಕಲ್ಲು, ಬಿಳಿ ಅಮೃತಶಿಲೆ ಇವೆಲ್ಲ ಸುಣ್ಣದ ಅಂಶದ ಕಲ್ಲುಗಳು, ಹುಳಿ ಸೋಕಿದರೆ ಕರಗುತ್ತವೆ. ರೆಡ್ ಆಕ್ಸೈಡ್ ನೆಲವೂ ಸಿಮೆಂಟಿನದೇ. ಇವಕ್ಕೆ ಬರೀ ನೀರು, ತೀರಾ ಜಿಡ್ಡಿದ್ದರೆ ಸ್ವಲ್ಪ ಸೋಪು. ನಮ್ಮಮ್ಮ ಕೆಂಪು ನೆಲ ಒರೆಸಿ ಆರಿದ ಮೇಲೆ ಕೊಬ್ಬರಿ ಎಣ್ಣೆ ಸೋಕಿಸಿದ ಬಟ್ಟೆಯಲ್ಲಿ ತೆಳ್ಳಗೆ ತಿಕ್ಕುತ್ತಿದ್ದರು. ಮುಖ ಕಾಣುತ್ತಿತ್ತು ಆ ನೆಲದಲ್ಲಿ. ಎಣ್ಣೆ ಜಾಸ್ತಿ ಆದರೆ ಮಾತ್ರ ಜಾರುತ್ತದೆ, ಮನೆಯಲ್ಲಿ ವಯಸ್ಸಾದವರಿದ್ದರೆ ಬೇಡ.

ಹಬ್ಬಕ್ಕೆ ಹಿತ್ತಾಳೆ, ತಾಮ್ರ ಬೆಳಗುವುದಕ್ಕೆ ಹುಣಸೆಹಣ್ಣು, ಉಪ್ಪು ಸಾಕು. ಸಾರಿಗೆ ಹಿಂಡಿದ ಮೇಲೆ ಉಳಿಯುವ ಹಿಪ್ಪೆಯನ್ನು ನಾನು ಒಂದು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ. ವಾರದ್ದು ಸೇರಿದರೆ ದೀಪದ ಕಂಬಗಳಿಗೆ ಆಗುತ್ತದೆ. ಹಚ್ಚಿ ಬಿಟ್ಟು ಹೋಗಬೇಡಿ. ಹಚ್ಚುತ್ತಲೇ ಉಜ್ಜಿ, ಚೆನ್ನಾಗಿ ಗಲಬರಿಸಿ, ಕೂಡಲೇ ಒಣಬಟ್ಟೆಯಲ್ಲಿ ಒರೆಸಿ. ಒದ್ದೆ ಉಳಿದರೆ ಸಂಜೆಯೊಳಗೆ ಮಚ್ಚೆ ಬೀಳುತ್ತದೆ. ಕಲಾಯಿ ಇರುವ ಪಾತ್ರೆಯ ಒಳಗಡೆ ಹುಣಸೆಹಣ್ಣು, ತರಿ ಪುಡಿ ಹಾಕಿ ತಿಕ್ಕಬಾರದು, ಕಲಾಯಿ ಸವೆದುಹೋಗುತ್ತದೆ. ಬೆಳ್ಳಿಗೆ ವಿಭೂತಿ. ಮೆತ್ತನೆ ಬಟ್ಟೆಯಲ್ಲಿ ತೆಗೆದುಕೊಂಡು ಉಜ್ಜಿದರೆ ಕಪ್ಪು ಹೋಗುತ್ತದೆ, ಗೀರು ಬೀಳುವುದಿಲ್ಲ.

ಜಿಡ್ಡಿನ ಕತೆ ಬೇರೆ. ಹಾಸ್ಟೆಲ್ಲಿನಲ್ಲಿ ಮೊದಲು ಸೌದೆ ಒಲೆ ಇತ್ತು. ಒಲೆಯ ಬೂದಿಯನ್ನು ಜರಡಿ ಹಿಡಿದು ತೆಂಗಿನ ನಾರಿನಲ್ಲಿ ಪಾತ್ರೆ ತಿಕ್ಕುತ್ತಿದ್ದೆವು. ಬೂದಿಯಲ್ಲೇ ಕ್ಷಾರ ಇದೆ, ಅದಕ್ಕೇ ಜಿಡ್ಡು ಎತ್ತುತ್ತಿತ್ತು. ಒಲೆಗೆ ಏರಿಸುವ ಮುಂಚೆ ಕೊಪ್ಪರಿಗೆಯ ಹೊರಗಡೆ ಒದ್ದೆ ಬೂದಿ ಬಳಿಯುತ್ತಿದ್ದೆವು. ಮಸಿ ಪಾತ್ರೆಗೆ ಹತ್ತದೆ ಬೂದಿಯ ಮೇಲೆ ಕೂರುತ್ತಿತ್ತು, ಆಮೇಲೆ ನೀರು ಹಾಕಿದರೆ ಅದರ ಜೊತೆಗೇ ಬಿದ್ದುಹೋಗುತ್ತಿತ್ತು. ಈಗ ಹಿತ್ತಲಲ್ಲಿ ಸೌದೆ ಹಚ್ಚಿ ನೀರು ಕಾಯಿಸುವವರು ಹಂಡೆಗೆ ಹೀಗೆ ಮಾಡಬಹುದು.

ಗ್ಯಾಸ್ ಬಂದ ಮೇಲೆ ಬೂದಿ ಹೋಯಿತು, ಸೋಡಾ ಬಂತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದೊಡ್ಡ ಅಲ್ಯುಮಿನಿಯಂ ದಬರಿಯನ್ನು ಬಟ್ಟೆ ಸೋಡಾ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿಬಿಟ್ಟೆ. ಬೆಳಿಗ್ಗೆ ದಬರಿ ಕಪ್ಪಾಗಿ, ಒಳಗೆಲ್ಲ ಚುಕ್ಕೆ ಚುಕ್ಕೆ ಗುಳಿ ಬಿದ್ದಿತ್ತು. ಸೋಡಾ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ ಅಂತ ಆಗ ತಿಳಿಯದು. ಸ್ಟೀಲಿಗೆ ಮಾತ್ರ ಅದು ಒಳ್ಳೆಯದು. ಹಾಲು ತಳ ಹಿಡಿದ ಸ್ಟೀಲ್ ಪಾತ್ರೆಗೆ ತಳ ಮುಳುಗುವಷ್ಟು ನೀರು, ಎರಡು ಚಮಚ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಕುದಿಸಿ ಇಳಿಸಿಡಿ. ಆರಿದ ಮೇಲೆ ಮರದ ಸೌಟಿನಲ್ಲಿ ತಳ ಕೆರೆದರೆ ಸೀದದ್ದು ಹಪ್ಪಳದ ಹಾಗೆ ಎದ್ದು ಬರುತ್ತದೆ. ಸ್ಟೀಲ್ ಗುಂಜು ಹಾಕಿ ತೋಳು ನೋಯಿಸಿಕೊಳ್ಳುವುದು ಬೇಡ. ಅಲ್ಯುಮಿನಿಯಂ ಕುಕ್ಕರಿನ ಒಳಗೆ ಕಪ್ಪಾದರೆ ಅದಕ್ಕೆ ಬೇಕಾದದ್ದು ಹುಳಿ. ದಿನಾ ಕುಕ್ಕರಿನ ತಳದ ನೀರಿಗೆ ಹಿಂಡಿದ ನಿಂಬೆ ಸಿಪ್ಪೆ ಒಂದು ಹಾಕಿದರೆ ಕಪ್ಪಾಗುವುದೇ ಇಲ್ಲ.

ಗ್ಯಾಸ್ ಒಲೆಯ ಬರ್ನರ್ ಬಗ್ಗೆಯೂ ಹೇಳುತ್ತೇನೆ. ಉರಿ ನೀಲಿಯಾಗಿ ಇರಬೇಕು. ಹಳದಿಯಾಗಿ ಎದ್ದು ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಬರ್ನರಿನ ತೂತು ಕಟ್ಟಿರಬಹುದು. ಆರಿದ ಮೇಲೆ ಬರ್ನರ್ ತೆಗೆದು ಬಿಸಿ ಸೋಪಿನ ನೀರಿನಲ್ಲಿ ನೆನೆಹಾಕಿ, ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಒಂದೊಂದು ತೂತಿಗೂ ಪಿನ್ನು ಹಾಕಿ. ಪೂರ್ತಿ ಒಣಗಿದ ಮೇಲೆಯೇ ಒಲೆಗೆ ಇಡಿ. ಆಗಲೂ ಹಳದಿ ಉರಿ ಬಂದರೆ ರಿಪೇರಿಯವರನ್ನು ಕರೆಸಿ, ಒಳಗಿನದನ್ನು ನೀವೇ ಬಿಚ್ಚಬೇಡಿ.

ಇಷ್ಟೆಲ್ಲ ತೊಳೆದು, ಕೊನೆಗೆ ವಾಸನೆ ಹೊಡೆಯುವ ಮಸಿಬಟ್ಟೆಯಲ್ಲಿ ಕಟ್ಟೆ ಒರೆಸುವವರನ್ನು ನೋಡಿದ್ದೇನೆ. ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಕೊಳಕು ಇರುವುದು ಮಸಿಬಟ್ಟೆಯಲ್ಲಿ, ಪಾತ್ರೆ ಉಜ್ಜುವ ಸ್ಪಂಜಿನಲ್ಲಿ. ಹಾಸ್ಟೆಲ್ಲಿನಲ್ಲಿ ನಮ್ಮದೊಂದು ಪದ್ಧತಿ ಇತ್ತು. ರಾತ್ರಿ ಕೊನೆಯ ಪಾತ್ರೆ ಕವುಚಿದ ಮೇಲೆ ಅದೇ ದಿನದ ಬಟ್ಟೆಗಳನ್ನೆಲ್ಲ ಒಂದು ಹಳೆ ಸ್ಟೀಲ್ ಪಾತ್ರೆಯಲ್ಲಿ ಸೋಡಾ ಹಾಕಿ ಕುದಿಸುತ್ತಿದ್ದೆವು. ಹಿಂಡಿ ತಂತಿಗೆ ಹಾಕಿ, ಮಾರನೇ ದಿನ ಬಿಸಿಲು ಕುಡಿಸುತ್ತಿದ್ದೆವು. ಮನೆಯಲ್ಲಿ ದಿನಾ ಕುದಿಸಲು ಆಗದಿದ್ದರೆ ವಾರಕ್ಕೆರಡು ಸಲ ಸಾಕು. ಬಿಸಿಲಿಗೆ ಹಾಕುವುದನ್ನು ಮಾತ್ರ ದಿನಾ ಮಾಡಿ. ಸ್ಪಂಜನ್ನು ನೀರಿನ ಬಟ್ಟಲಲ್ಲಿ ಮುಳುಗಿಸಿ ಇಡಬೇಡಿ, ಹಿಂಡಿ ನಿಲ್ಲಿಸಿ. ನಮ್ಮೂರಿನಲ್ಲಿ ತೆಂಗಿನ ನಾರಿಗೆ ಬರವಿಲ್ಲ. ಎರಡು ದಿನ ಬಳಸಿ ಗಿಡದ ಬುಡಕ್ಕೆ ಹಾಕುತ್ತೇನೆ.

ಇನ್ನು ಸಣ್ಣಪುಟ್ಟವು. ಫ್ಯಾನಿನ ರೆಕ್ಕೆಗೆ ಹಳೆ ದಿಂಬಿನ ಕವರ್ ತೊಡಿಸಿ ಎಳೆದರೆ ದೂಳು ಕವರಿನೊಳಗೇ ಬೀಳುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಕನ್ನಡಿಗೆ ನೀರು ಚಿಮುಕಿಸಿ ನಿಮ್ಮ ಪತ್ರಿಕೆಯ ಹಳೆ ಹಾಳೆಯಲ್ಲಿ ಒರೆಸಿ, ನೂಲು ಅಂಟುವುದಿಲ್ಲ. ಮಿಕ್ಸಿ ಜಾರಿಗೆ ಅರ್ಧ ನೀರು, ಎರಡು ಹನಿ ಸೋಪು ಹಾಕಿ ಒಂದು ಸುತ್ತು ತಿರುಗಿಸಿದರೆ ಬ್ಲೇಡಿನ ಅಡಿಯ ಚಟ್ನಿ ಬಿಡುತ್ತದೆ. ದೋಸೆ ಕಾವಲಿಗೆ ಸೋಪು ಹಾಕಬೇಡಿ. ಬಟ್ಟೆಗೆ ಸಾರಿನ ಅರಿಶಿನ ಬಿದ್ದರೆ ಸೋಪು ಹಚ್ಚಿದ ಕೂಡಲೇ ಕೆಂಪಾಗುತ್ತದೆ, ಹೆದರಬೇಡಿ. ಓಕುಳಿ ಕೆಂಪಾಗುವುದೂ ಹೀಗೇ. ಒಗೆದು ಒಳ್ಳೆ ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣಕ್ಕೆ ಬಿಸಿಲು ತಡೆದುಕೊಳ್ಳುವ ಶಕ್ತಿ ಇಲ್ಲ, ತಾನಾಗಿ ಮಾಸುತ್ತದೆ.

ಬ್ಲೀಚಿಂಗ್ ಪೌಡರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಾಸ್ಟೆಲ್ಲಿನ ಸಂಪು, ಟ್ಯಾಂಕು ತೊಳೆದಾಗಲೆಲ್ಲ ನಾವು ಬಳಸಿದ್ದೇವೆ. ಊರಿನಲ್ಲಿ ವಾಂತಿಭೇದಿ ಎದ್ದಾಗ ಚರಂಡಿಗೆ ಉದುರಿಸುವುದೂ ಅದನ್ನೇ. ಒಂದು ದಿನ ಬ್ಲೀಚಿಂಗ್ ಹಾಕಿದರೆ ಆವತ್ತು ಬೇರೆ ಏನೂ ಬೇಡ. ಆಸಿಡ್ ಬೇಡ, ಫಿನಾಯಿಲ್ ಬೇಡ, ನಿಂಬೆಯೂ ಬೇಡ. ಮೂತ್ರದ ವಾಸನೆ ಇರುವ ಕಡೆ ನೇರವಾಗಿ ಬ್ಲೀಚಿಂಗ್ ಉದುರಿಸಿದರೂ ಕಣ್ಣು ಉರಿಸುವ ಗಾಳಿ ಏಳುತ್ತದೆ. ಮೊದಲು ಎರಡು ಬಕೆಟ್ ನೀರು ಹುಯ್ದು ತೊಳೆದು, ಆಮೇಲೆ ಹಾಕಿ. ಕಿಟಕಿ, ಬಾಗಿಲು ತೆಗೆದಿರಲಿ. ಅಕಸ್ಮಾತ್ ಯಾರಾದರೂ ಬೆರೆಸಿಬಿಟ್ಟರೆ ಅದನ್ನು ತೊಳೆದುಹಾಕಲು ನಿಲ್ಲಬೇಡಿ. ಬಕೆಟ್ಟು, ಬ್ರಷ್ಷು ಅಲ್ಲೇ ಬಿಟ್ಟು ಹೊರಗೆ ಬನ್ನಿ, ಗಾಳಿಯಾಡುವ ಕಡೆ ಕೂರಿ. ಕಣ್ಣಿಗೆ ಸೋಕಿದ್ದರೆ ಹದಿನೈದು ಇಪ್ಪತ್ತು ನಿಮಿಷ ತಣ್ಣೀರು ಬಿಡುತ್ತಲೇ ಇರಿ. ಉಸಿರು ಹಿಡಿದ ಹಾಗಾದರೆ 108ಕ್ಕೆ ಫೋನ್ ಮಾಡಿ. ಸ್ವಲ್ಪ ಹೊತ್ತಿಗೆ ಸರಿಹೋಯಿತು ಅಂತ ಸುಮ್ನೆ ಮಲಗಿಬಿಡಬೇಡಿ, ಆಸ್ಪತ್ರೆಗೆ ತೋರಿಸಿ.

ನನಗೆ ಹೆಚ್ಚು ಚಿಂತೆ ಇರುವುದು ಮನೆಕೆಲಸದ ಹೆಂಗಸರದ್ದು. ಹಬ್ಬದ ವಾರ ಒಬ್ಬೊಬ್ಬರು ದಿನಕ್ಕೆ ನಾಲ್ಕೈದು ಮನೆಯ ಬಚ್ಚಲು ತೊಳೆಯುತ್ತಾರೆ. ಒಂದು ಮನೆಯಲ್ಲಿ ಆಸಿಡ್ ಕೊಡುತ್ತಾರೆ, ಇನ್ನೊಂದರಲ್ಲಿ ಬ್ಲೀಚಿಂಗ್, ಮತ್ತೊಂದರಲ್ಲಿ ಎರಡೂ. ಕೈಗೆ ಗ್ಲೌಸು ಕೊಡುವವರು ಎಷ್ಟು ಜನ? ಹಾಸ್ಟೆಲ್ಲಿನಲ್ಲಿ ನನ್ನ ಜೊತೆ ಪಾತ್ರೆ ತೊಳೆಯುತ್ತಿದ್ದವಳೊಬ್ಬಳ ಬೆರಳ ಸಂದಿಗಳು ಬಿರಿದು ರಕ್ತ ಬರುತ್ತಿತ್ತು. ಉಪ್ಪಿನಕಾಯಿ ಕಲಸಲು ಅವಳಿಗೆ ಆಗುತ್ತಿರಲಿಲ್ಲ, ಊಟಕ್ಕೂ ಚಮಚ ಹಿಡಿಯುತ್ತಿದ್ದಳು. ಒಂದು ಜೊತೆ ರಬ್ಬರ್ ಗ್ಲೌಸು ಒಂದು ಬಾಟಲಿ ಟಾಯ್ಲೆಟ್ ಕ್ಲೀನರಿಗಿಂತ ದುಬಾರಿ ಏನಲ್ಲ. ಮನೆಯವರೇ ತಂದಿಡಿ. ಎರಡು ಬಾಟಲಿಯನ್ನು ಒಂದೇ ಮೂಲೆಯಲ್ಲಿ ಇಡಬೇಡಿ. ಯಾವುದನ್ನು ಯಾವುದರ ಜೊತೆ ಹಾಕಬಾರದು ಅಂತ ನೀವೇ ಬಾಯಿಬಿಟ್ಟು ಹೇಳಿ.

ಬಾಯಲ್ಲಿ ಹೇಳಬೇಕು ಯಾಕೆ ಅಂದರೆ, ನಮ್ಮ ಮನೆಯಲ್ಲಿದ್ದ ಆ ಬಾಟಲಿಯನ್ನು ಆಮೇಲೆ ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಬೇರೆ ಯಾವುದರ ಜೊತೆಗೂ ಬೆರೆಸಬೇಡಿ ಅನ್ನುವ ಎಚ್ಚರಿಕೆ ಅದರ ಮೇಲೆ ಇತ್ತು. ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರ, ಇಂಗ್ಲಿಷಿನಲ್ಲಿ. ಮೊಮ್ಮಗಳು ಓದಿ ಹೇಳಿದ ಮೇಲೆ ನನಗೆ ತಿಳಿಯಿತು. ತಿಪಟೂರಿನ ಅಂಗಡಿಯಲ್ಲಿ ಮಾರುವ ಬಾಟಲಿಯ ಮೇಲೆ ಈ ಒಂದು ಸಾಲಾದರೂ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಹಾಗೆ ಇರಬೇಕು. ಬಿಡಿ ಆಸಿಡ್ ಮಾರಾಟಕ್ಕೆ 2013ರಲ್ಲೇ ಸುಪ್ರೀಂ ಕೋರ್ಟ್ ಕಟ್ಟುನಿಟ್ಟು ಮಾಡಿದೆ. ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ಹೆಸರು ವಿಳಾಸ ಬರೆದುಕೊಳ್ಳಬೇಕು, 18 ವರ್ಷ ಆಗದವರಿಗೆ ಕೊಡಕೂಡದು. ಆದರೂ ನಮ್ಮ ಬೀದಿಗೆ ಕುಡಿಯುವ ನೀರಿನ ಖಾಲಿ ಬಾಟಲಿಯಲ್ಲಿ ತುಂಬಿಕೊಂಡು ಮಾರಲು ಬರುತ್ತಾರೆ. ಅದರ ಮೇಲೆ ಯಾವ ಭಾಷೆಯಲ್ಲೂ ಏನೂ ಬರೆದಿರುವುದಿಲ್ಲ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲೂ ಅದನ್ನು ಕೊಂಡು ಬಚ್ಚಲ ಮೂಲೆಯಲ್ಲಿ ಇಟ್ಟಿರುತ್ತಾರೆ. ಇದರ ಬಗ್ಗೆ ನಿಮ್ಮ ವರದಿಗಾರರು ಒಂದು ದಿನ ಬರೆದರೆ ಉಪಕಾರ ಆಗುತ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮನೆ ಸಲಹೆಗಳ ಪುಟ ನಿಲ್ಲಿಸಬೇಡಿ. ನಮ್ಮಂಥವರು ನಂಬಿ ಓದುತ್ತೇವೆ. ಫೋನಿನಲ್ಲಿ ನೋಡಿದ್ದನ್ನು ಸುಳ್ಳಿರಬಹುದು ಅಂತ ಅನುಮಾನಿಸುವವರೂ ಪತ್ರಿಕೆಯಲ್ಲಿ ಬಂದಿದೆ ಅಂದರೆ ಮಾಡಿಬಿಡುತ್ತಾರೆ. ಅದಕ್ಕೇ ಅಚ್ಚಿಗೆ ಕಳಿಸುವ ಮುಂಚೆ ಒಬ್ಬ ಕೆಮಿಸ್ಟ್ರಿ ಮೇಷ್ಟ್ರಿಗೆ ತೋರಿಸಿ. ಯಾವ ಊರಿನ ಕಾಲೇಜಿನಲ್ಲಾದರೂ ಸಿಗುತ್ತಾರೆ, ಐದು ನಿಮಿಷದ ಕೆಲಸ. ಹೋದ ವಾರದ ಆ ಸಲಹೆಯನ್ನು ತಪ್ಪು ಅಂತ ತಿಳಿಸಿ, ಅದೇ ಪುರವಣಿಯಲ್ಲಿ, ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. ಮೂಲೆಯಲ್ಲಿ ಎರಡು ಸಾಲು ಹಾಕಿದರೆ ಯಾರಿಗೂ ಕಾಣುವುದಿಲ್ಲ. ನೀರು ತುಂಬುವ ಹಬ್ಬಕ್ಕೆ ಇನ್ನು ಉಳಿದಿರುವುದು ಒಂದೇ ಭಾನುವಾರ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ತಿಪಟೂರು